ಶ್ರೀನಿವಾಸಪುರದವರ ರಕ್ತ, ವಿಜ್ಞಾನಿಯ ‘ಸೈಟೇಷನ್’: ಈ ಲೆಕ್ಕ ಯಾರಿಗೆ ಲಾಭ?

ಶ್ರೀನಿವಾಸಪುರ ಅಂದ್ರೆ ಹೊರಗಿನವರಿಗೆ ಮಾವು, ಮಾವಿನ ಮಂಡಿ. ಆದರೆ ಮಿದುಳಿನ ಕಾಯಿಲೆ ಮೇಲೆ ಸಂಶೋಧನೆ ಮಾಡೋರಿಗೆ ಈ ತಾಲೂಕು ಬೇರೆ ಕಾರಣಕ್ಕೆ ಗೊತ್ತು. 2018ರಿಂದ ಇಲ್ಲಿನ ಹಳ್ಳಿಗಳಲ್ಲಿ 45 ವರ್ಷ ದಾಟಿದವರ ರಕ್ತ, ಬಿಪಿ, ನೆನಪಿನ ಶಕ್ತಿ, ಮಿದುಳಿನ ಸ್ಕ್ಯಾನಿಂಗ್ ಎಲ್ಲಾ ದಾಖಲಾಗ್ತಿದೆ. ಗುರಿ 10 ಸಾವಿರ ಜನ. ‘ಸ್ಯಾನ್ಸ್‌ಕಾಗ್’ ಅನ್ನೋ ಈ ಅಧ್ಯಯನದ ಹೆಸರಿನ ಮೊದಲ ಅಕ್ಷರವೇ ನಮ್ಮ ಶ್ರೀನಿವಾಸಪುರದ್ದು.

ಅಧ್ಯಯನ ನಡೆಸ್ತಿರೋದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್. ಅದರ ಸ್ಥಾಪಕ ನಿರ್ದೇಶಕಿ ಡಾ. ವಿಜಯಲಕ್ಷ್ಮಿ ರವೀಂದ್ರನಾಥ್. 1996ರಲ್ಲಿ ಭಟ್ನಾಗರ್ ಪ್ರಶಸ್ತಿ, 2010ರಲ್ಲಿ ಪದ್ಮಶ್ರೀ ಪಡೆದವರು. ಅಲ್ಝೈಮರ್, ಪಾರ್ಕಿನ್ಸನ್‌ನಂಥ ಕಾಯಿಲೆಗಳಲ್ಲಿ ಮಿದುಳಿನ ಜೀವಕೋಶ ಯಾಕೆ ಸಾಯುತ್ತೆ ಅನ್ನೋದೇ ಅವರ ದಶಕಗಳ ಕೆಲಸ.

ಇಂಥವರ ಸಾಧನೆ ಅಳೆಯೋಕೆ ವಿಜ್ಞಾನಿಗಳ ಲೋಕದಲ್ಲಿ ಒಂದು ತಕ್ಕಡಿ ಇದೆ. ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ತಮ್ಮ ಪ್ರಬಂಧದಲ್ಲಿ ಹೆಸರಿಸಿದ್ರೆ ಅದು ಒಂದು ಸೈಟೇಷನ್. 2005ರಲ್ಲಿ ಹಿರ್ಶ್ ಅನ್ನೋ ಭೌತವಿಜ್ಞಾನಿ ‘ಎಚ್ ಇಂಡೆಕ್ಸ್’ ಅಂತ ಇನ್ನೊಂದು ಲೆಕ್ಕ ತಂದ್ರು. 20 ಪ್ರಬಂಧ ತಲಾ 20 ಸಲವಾದ್ರೂ ಉಲ್ಲೇಖ ಆಗಿದ್ರೆ ಅಂಕ 20. ಒಂದೇ ಪ್ರಬಂಧ ಬರೆದು ಅದು ಸಾವಿರ ಸಲ ಉಲ್ಲೇಖ ಆದ್ರೂ ಅಂಕ ಬರೀ ಒಂದು. ಒಂದು ದಿನದ ಸಂತೆ ವ್ಯಾಪಾರ ನೋಡಿ ಅಂಗಡಿ ಚೆನ್ನಾಗಿ ನಡೀತಿದೆ ಅನ್ನೋಕಾಗಲ್ಲ ಅಲ್ವಾ, ಹಾಗೆ.

ಆದರೆ ಹೆಸರು ಓಡಾಡಿದ ಮಾತ್ರಕ್ಕೆ ಔಷಧಿ ಸಿಕ್ಕಿತು ಅಂತಲ್ಲ. ಇದೇ ವಿಜ್ಞಾನಿಯ ತಂಡ 2012ರಲ್ಲಿ ಅಶ್ವಗಂಧದ ಬಗ್ಗೆ ಪ್ರಬಂಧ ಪ್ರಕಟಿಸಿತು. ಅಲ್ಝೈಮರ್ ಬರುವ ಹಾಗೆ ಮಾಡಿದ್ದ ಇಲಿಗಳಿಗೆ 30 ದಿನ ಬೇರಿನ ಸಾರ ಕೊಟ್ರು. ಅವುಗಳ ನಡವಳಿಕೆ ಸುಧಾರಿಸಿತು, ಮಿದುಳಲ್ಲಿ ಗಟ್ಟಿಯಾಗಿದ್ದ ಅಮಿಲಾಯ್ಡ್ ಕಡಿಮೆಯಾಯ್ತು. ಮಜಾ ಏನಂದ್ರೆ, ಕೆಲಸ ಆಗಿದ್ದು ಮಿದುಳಲ್ಲಲ್ಲ, ಲಿವರ್‌ನಲ್ಲಿ. ಅಲ್ಲಿ ಒಂದು ಪ್ರೋಟೀನ್ ಹೆಚ್ಚಾಗಿ, ಮಿದುಳಿನ ಕಸ ರಕ್ತಕ್ಕೆ ಇಳಿದು ಹೋಯ್ತು ಅಂತ ಅವರ ವಿವರಣೆ. ಒಳ್ಳೆ ಕೆಲಸ, ನೂರಾರು ಸಲ ಉಲ್ಲೇಖ ಆಗಿದೆ. ಆದ್ರೆ ಅದು ಇಲಿ! ಮನುಷ್ಯರಲ್ಲಿ ಅಲ್ಝೈಮರ್ ವಾಸಿ ಮಾಡುತ್ತೆ ಅಂತ ಸಾಬೀತಾಗಿಲ್ಲ. ಅಶ್ವಗಂಧ ತಗೊಂಡ ಕೆಲವರಲ್ಲಿ ಲಿವರ್ ತೊಂದರೆ ಆದ ವರದಿಗಳೂ ಇವೆ. ಅಂಗಡಿಯಲ್ಲಿ ಪುಡಿ ಮಾರೋರು “ಮರೆವಿಗೆ ರಾಮಬಾಣ” ಅನ್ನೋ ಮೊದಲು, ಕೊಳ್ಳೋರು ಅಜ್ಜಿಗೆ ಕುಡಿಸೋ ಮೊದಲು ಡಾಕ್ಟರನ್ನ ಒಂದು ಮಾತು ಕೇಳಿ.

ಇನ್ನು ತಕ್ಕಡಿಯೇ ಮೋಸ ಹೋಗಿದ್ದೂ ಉಂಟು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ತಂಡವೊಂದು 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಲ್ಝೈಮರ್ ಬಗ್ಗೆ ಬರೆದ ಪ್ರಬಂಧ 2 ಸಾವಿರಕ್ಕೂ ಹೆಚ್ಚು ಸಲ ಉಲ್ಲೇಖ ಆಯ್ತು. ಅದರ ಚಿತ್ರಗಳನ್ನು ತಿದ್ದಲಾಗಿದೆ ಅಂತ ಗೊತ್ತಾಗಿ 2024ರಲ್ಲಿ ವಾಪಸ್ ತಗೊಂಡ್ರು. ಹದಿನೆಂಟು ವರ್ಷ ಅದನ್ನ ನಂಬಿ ಬೇರೆಯವರು ಸುರಿದ ದುಡ್ಡು, ಸಮಯ ವಾಪಸ್ ಬರುತ್ತಾ?

ಹಾಗಾಗಿ ನನ್ನ ಲೆಕ್ಕದಲ್ಲಿ ಆ ಕೇಂದ್ರದ ದೊಡ್ಡ ಆಸ್ತಿ ಸೈಟೇಷನ್ ಅಲ್ಲ, ಶ್ರೀನಿವಾಸಪುರದ ಕಡತ. ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಅಂತ ಅಂದಾಜು. ನಾವು ಮಾತ್ರ ಅರವತ್ತಕ್ಕೆ ಅರಳುಮರಳು ಅಂದು ಸುಮ್ಮನಾಗ್ತೀವಿ. ಈ ಕಾಯಿಲೆ ಬಗ್ಗೆ ಇಲ್ಲಿವರೆಗಿನ ತಿಳಿವಳಿಕೆ ಬಹುಪಾಲು ಬಂದಿರೋದು ಯುರೋಪ್, ಅಮೆರಿಕದವರನ್ನ ಪರೀಕ್ಷಿಸಿ. ರಾಗಿ ಮುದ್ದೆ ತಿಂದು ತೋಟದಲ್ಲಿ ದುಡಿದ, ಶಾಲೆ ಮೆಟ್ಟಿಲು ಹತ್ತದ ಹೆಂಗಸಿನ ಮಿದುಳು ಹೇಗೆ ಮುಪ್ಪಾಗುತ್ತೆ ಅನ್ನೋದಕ್ಕೆ ಇಲ್ಲೇ ನೋಡಬೇಕು.

ಅದೂ ಒಂದೇ ಸಲ ನೋಡಿದ್ರೆ ಆಗಲ್ಲ. ಅದೇ ವ್ಯಕ್ತಿಯನ್ನ ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗಲೇ ವ್ಯತ್ಯಾಸ ಗೊತ್ತಾಗೋದು. ಮಧ್ಯೆ ಜನ ಬಿಟ್ಟು ಹೋದ್ರೆ ಮೊದಲ ಸಲದ ಶ್ರಮವೂ ಅರ್ಧ ವ್ಯರ್ಥ. ಒಪ್ಪೋದು ಬಿಡೋದು ಅವರವರ ಇಷ್ಟ, ಬಲವಂತ ಇಲ್ಲ. ಒಪ್ಪಿ ಎರಡನೇ ಸಲ ಹೋಗೋರು ಹಿಂದಿನ ಸಲದ ನನ್ನ ರಿಪೋರ್ಟ್ ಏನು ಹೇಳ್ತು ಅಂತ ಕೇಳಿ, ಕನ್ನಡದಲ್ಲೋ ತೆಲುಗಿನಲ್ಲೋ ಅರ್ಥ ಆಗೋವರೆಗೂ ಹೇಳಿಸ್ಕೊಂಡೇ ಬನ್ನಿ.