ಕಾಲಾ ಅಜಾರ್: ಲೆಕ್ಕ ಇಳಿದಿದೆ, ಕಾವಲು ಇಳಿಯಬಾರದು

ಕೋವಿಡ್ ಬಂದುಹೋದ ಮೇಲೆ ‘ರೋಗನಿರೋಧಕ ಶಕ್ತಿ’ ಎಂಬ ಮಾತು ಮನೆಮನೆಯ ಮಾತಾಗಿದೆ. ಕಷಾಯದ ಪುಡಿಯ ಜಾಹೀರಾತಿನಿಂದ ಹಿಡಿದು ಹಾಲಿನ ಪೊಟ್ಟಣದವರೆಗೆ ಎಲ್ಲವೂ ಹೇಳುವುದು ಒಂದನ್ನೇ: ಈ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು. ಬಿಹಾರದ ಹಳ್ಳಿಗಳನ್ನು ತಲೆಮಾರುಗಳಿಂದ ಕಾಡಿದ ಕಾಲಾ ಅಜಾರ್ ಎಂಬ ಜ್ವರದ ಮುಂದೆ ಆ ನಂಬಿಕೆ ನಿಲ್ಲುವುದಿಲ್ಲ. ಈ ರೋಗಿಗಳ ರಕ್ತದಲ್ಲಿ ಪ್ರತಿಕಾಯಗಳಿಗೆ ಬರವಿಲ್ಲ, ತುಂಬಿ ತುಳುಕುತ್ತಿರುತ್ತವೆ. ಆದರೂ ಗುಲ್ಮ ಊದಿಕೊಂಡು ಹೊಟ್ಟೆಯ ಎಡಭಾಗ ಗಟ್ಟಿಯಾಗುತ್ತದೆ, ರಕ್ತ ಕಡಿಮೆಯಾಗುತ್ತದೆ, ಮೈ ಕಡ್ಡಿಯಾಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಉಳಿಯುವವರು ತೀರಾ ಅಪರೂಪ.

ಕಾರಣ ಇರುವುದು ಈ ರೋಗ ತರುವ ಪರಾವಲಂಬಿ ಮನೆ ಮಾಡುವ ಜಾಗದಲ್ಲಿ. ಮಣ್ಣಿನ ಗೋಡೆಯ ಬಿರುಕು, ದನದ ಕೊಟ್ಟಿಗೆಯ ತೇವದಲ್ಲಿ ಬದುಕುವ ಮರಳುನೊಣ ಸೊಳ್ಳೆಗಿಂತಲೂ ಚಿಕ್ಕದು. ಅದು ಕಚ್ಚಿದಾಗ ಲೀಷ್ಮೇನಿಯಾ ಡೊನೊವಾನಿ ಎಂಬ ಆ ಪರಾವಲಂಬಿ ಚರ್ಮದೊಳಗೆ ಇಳಿಯುತ್ತದೆ. ಹೊರಗಿನಿಂದ ಬಂದದ್ದನ್ನು ನುಂಗಿ ಅರಗಿಸುವುದು ಮ್ಯಾಕ್ರೋಫೇಜ್ ಎಂಬ ಕೋಶಗಳ ಕೆಲಸ. ಲೀಷ್ಮೇನಿಯಾವನ್ನೂ ಅವು ನುಂಗುತ್ತವೆ, ಆದರೆ ಅರಗಿಸಲಾರವು. ಕಾವಲುಗಾರನ ಮನೆಯಲ್ಲೇ ಕಳ್ಳ ಬಿಡಾರ ಹೂಡಿದಂತೆ ಅದು ಅಲ್ಲೇ ಕೂತು ಮರಿ ಹಾಕುತ್ತದೆ. ಪ್ರತಿಕಾಯಗಳು ಹೊರಗೆ ಎಷ್ಟು ಸುತ್ತಿದರೂ ಕೋಶದ ಒಳಗಿರುವುದು ಅವಕ್ಕೆ ಎಟುಕುವುದಿಲ್ಲ.

ಅಲ್ಲಿಗೆ ತಲುಪುವುದು ಟಿ ಕೋಶಗಳ ಆದೇಶ ಮಾತ್ರ. ಅವು ಇಂಟರ್‌ಫೆರಾನ್ ಗಾಮಾ ಸ್ರವಿಸಿದರೆ ಮ್ಯಾಕ್ರೋಫೇಜ್ ಎಚ್ಚೆತ್ತು, ನೈಟ್ರಿಕ್ ಆಕ್ಸೈಡ್‌ನಂಥ ವಿಷ ತಯಾರಿಸಿ ಒಳಗಿನ ಪರಾವಲಂಬಿಯನ್ನು ಕೊಲ್ಲುತ್ತದೆ. ರೋಗಿಯ ದೇಹದಲ್ಲಿ ಇಂಟರ್‌ಲ್ಯೂಕಿನ್-10 ಎಂಬ ಇನ್ನೊಂದು ಸಂಕೇತ ಏರಿ ಈ ಆದೇಶವನ್ನು ತಡೆಯುತ್ತದೆ. ಅದು ದೇಹದ ಶತ್ರುವೇನಲ್ಲ. ಉರಿಯೂತ ಮಿತಿಮೀರಿ ಸ್ವಂತ ಅಂಗಗಳೇ ಸುಡದಂತೆ ನೋಡಿಕೊಳ್ಳುವುದು ಅದರ ಹೊಣೆ. ಆ ಸಂಯಮದ ನೆರಳಿನಲ್ಲೇ ಲೀಷ್ಮೇನಿಯಾ ಬದುಕಿಕೊಳ್ಳುತ್ತದೆ.

ಲೀಷ್ಮೇನಿನ್ ಎಂಬ ಹಳೆಯ ಚರ್ಮಪರೀಕ್ಷೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಸತ್ತ ಪರಾವಲಂಬಿಯ ಅಂಶವನ್ನು ಮುಂಗೈಗೆ ಚುಚ್ಚಿ ಎರಡು ಮೂರು ದಿನ ಬಿಟ್ಟು ನೋಡಿದರೆ, ಕಾಯಿಲೆಯಲ್ಲಿರುವವರ ಕೈಯಲ್ಲಿ ಗಂಟು ಏಳುವುದಿಲ್ಲ. ಗುಣವಾಗಿ ತಿಂಗಳುಗಳು ಕಳೆದ ಮೇಲೆ ಬಹುಪಾಲು ಅದೇ ಜನರ ಕೈಯಲ್ಲಿ ಏಳುತ್ತದೆ. ಟಿ ಕೋಶಗಳು ಮತ್ತೆ ಕೆಲಸಕ್ಕೆ ಇಳಿದಿವೆ ಎಂಬುದಕ್ಕೆ ಅದೇ ಸಾಕ್ಷಿ.

ಭಾರತದಲ್ಲಿ 2014ರಿಂದ ಲಿಪೊಸೋಮಲ್ ಆಂಫೊಟೆರಿಸಿನ್ ಅನ್ನು ಒಂದೇ ಬಾರಿ ಡ್ರಿಪ್ ಮೂಲಕ ಕೊಟ್ಟು ರೋಗ ವಾಸಿ ಮಾಡಲಾಗುತ್ತಿದೆ. ಅದ್ಭುತವಾದ ಔಷಧ. ಆದರೆ ಅಳಿದುಳಿದ ಪರಾವಲಂಬಿಗಳನ್ನು ಕಾಯುವುದು ಟಿ ಕೋಶಗಳ ಪಾಲಿಗೇ ಬರುತ್ತದೆ. ಟಿ ಕೋಶಗಳನ್ನೇ ಕುಂದಿಸುವ ಎಚ್‌ಐವಿ ಇದ್ದವರಲ್ಲಿ ಕಾಲಾ ಅಜಾರ್ ಮತ್ತೆ ಮತ್ತೆ ಮರುಕಳಿಸುವುದು ಇದಕ್ಕಾಗಿಯೇ. ಸೋಂಕು ತಗುಲಿದ ಹೆಚ್ಚಿನವರು ಹಾಸಿಗೆ ಹಿಡಿಯುವುದೇ ಇಲ್ಲ. ಹೊಟ್ಟೆಗಿಲ್ಲದೆ ಬೆಳೆದ ಮಕ್ಕಳು ಹಿಡಿಯುವ ಸಂಭವ ಹೆಚ್ಚು. ಹಾಗಿರುವಾಗ ಮೊಟ್ಟೆ, ಬೇಳೆ, ಹಾಲನ್ನು ಈ ರೋಗದ ಔಷಧದ ಪಟ್ಟಿಯಲ್ಲೇ ಸೇರಿಸಬೇಕು, ಬೇರೆ ಇಲಾಖೆಯ ದಾನವೆಂದು ಬಿಡಬಾರದು.

1992ರಲ್ಲಿ ದೇಶದಲ್ಲಿ 77 ಸಾವಿರಕ್ಕೂ ಹೆಚ್ಚು ಪ್ರಕರಣಗಳಿದ್ದವು. 2023ರಲ್ಲಿ ಅದು 600ರ ಒಳಗೆ ಬಂತು. ಬ್ಲಾಕ್ ಮಟ್ಟದಲ್ಲಿ 10,000 ಜನರಿಗೆ ಒಂದಕ್ಕಿಂತ ಕಡಿಮೆ ಎಂಬ ಗುರಿಯನ್ನೂ ದೇಶ ಅದೇ ವರ್ಷ ಮುಟ್ಟಿತು. ಮನೆ ಮನೆ ಅಲೆದ ಆಶಾ ಕಾರ್ಯಕರ್ತೆಯರ, ಗೋಡೆಗೆ ಔಷಧ ಹೊಡೆದ ಕಾರ್ಮಿಕರ ಬೆವರು ಅದರಲ್ಲಿದೆ. ಆದರೆ ಈ ರೋಗ ಒಮ್ಮೆ ಹೀಗೆಯೇ ಹೋದಂತೆ ಮಾಡಿ ಮರಳಿತ್ತು. ಮಲೇರಿಯಾಕ್ಕೆಂದು 1950–60ರ ದಶಕಗಳಲ್ಲಿ ಸಿಂಪಡಿಸಿದ ಡಿಡಿಟಿಗೆ ಮರಳುನೊಣಗಳೂ ಸತ್ತು ಕಾಲಾ ಅಜಾರ್ ಬಹುತೇಕ ಕಾಣೆಯಾಗಿತ್ತು. ಸಿಂಪಡಣೆ ನಿಂತಿತು. 1977ರ ಹೊತ್ತಿಗೆ ಬಿಹಾರದಲ್ಲಿ ದೊಡ್ಡ ಪಿಡುಗು ಎದ್ದಿತು.

ನಡುವಿನ ವರ್ಷಗಳಲ್ಲಿ ಪರಾವಲಂಬಿ ಅಡಗಿದ್ದ ಜಾಗಗಳಲ್ಲೊಂದು ಮನುಷ್ಯರ ಚರ್ಮವೇ ಇರಬೇಕೆಂಬುದು ತಜ್ಞರ ಬಲವಾದ ಅನುಮಾನ. ಜ್ವರ ವಾಸಿಯಾದ ಕೆಲವರಲ್ಲಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಬಾಯಿಯ ಸುತ್ತ, ಗಲ್ಲದ ಮೇಲೆ, ತೋಳಿನಲ್ಲಿ ಮಸುಕು ಮಚ್ಚೆಗಳೋ ಗಂಟುಗಳೋ ಏಳುತ್ತವೆ. ಸಾಮಾನ್ಯವಾಗಿ ತುರಿಕೆಯಿಲ್ಲ, ನೋವಿಲ್ಲ, ಕೂಲಿ ತಪ್ಪುವುದಿಲ್ಲ. ತೊನ್ನೆಂದೋ ಕುಷ್ಠವೆಂದೋ ಹೆದರಿ ಮುಚ್ಚಿಡುವವರೂ ಇದ್ದಾರೆ. ಮುಜಫ್ಫರ್‌ಪುರದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿದ ಮರಳುನೊಣಗಳಿಗೆ ಸ್ವಯಂಸೇವಕರ ರಕ್ತ ಕುಡಿಸಲಾಯಿತು. ಲಕ್ಷಣಗಳಿಲ್ಲದ ಸೋಂಕಿತರಿಂದ ನೊಣಗಳಿಗೆ ಸೋಂಕು ದಾಟಲಿಲ್ಲ. ಜ್ವರದ ರೋಗಿಗಳಿಂದ ದಾಟಿತು, ಈ ಮಚ್ಚೆ–ಗಂಟುಗಳಿದ್ದವರಿಂದಲೂ ದಾಟಿತು.

ಮಚ್ಚೆ–ಗಂಟುಗಳಿರುವ ಇವರು ಆಸ್ಪತ್ರೆಗೆ ತಾವಾಗಿ ಬರುವವರಲ್ಲ. ಇವರಿಗೆ ಕೊಡುವ ಮಿಲ್ಟೆಫೊಸಿನ್ ಮಾತ್ರೆಯನ್ನು 12 ವಾರ ಬಿಡದೆ ನುಂಗಬೇಕು. ಗರ್ಭಿಣಿಯರಿಗೆ ಅದು ಕೂಡದು, ಕಣ್ಣಿಗೆ ತೊಂದರೆಯಾಗದಂತೆ ನಿಗಾ ಬೇಕು. ಇಷ್ಟಕ್ಕೆಲ್ಲ ಒಬ್ಬರು ಬಾಗಿಲಿಗೆ ಹೋಗಲೇಬೇಕು, ಗುಣವಾದವರ ಮೈಯನ್ನು ವರ್ಷಗಟ್ಟಲೆ ಬೆಳಕಿನಲ್ಲಿ ನೋಡಲೇಬೇಕು. ಪ್ರಕರಣಗಳು ಇಳಿದವೆಂದು ಆ ಹುಡುಕಾಟದ ಹಣಕ್ಕೆ, ಆಶಾಗಳ ಪ್ರೋತ್ಸಾಹಧನಕ್ಕೆ ಕತ್ತರಿ ಹಾಕುವ ಯೋಚನೆ ಕೇಂದ್ರದಲ್ಲಾಗಲಿ ರಾಜ್ಯಗಳಲ್ಲಾಗಲಿ ಯಾರಿಗೂ ಬರಬಾರದು.