ಬಗನಿ ಕಳ್ಳಿಗೇಕೆ ಬಹಿಷ್ಕಾರ?

ಇಂಗ್ಲೆಂಡಿಗೆ ಹೋಗಿ ಬಂದ ನಮ್ಮವರು ಅಲ್ಲಿನ ಹಳ್ಳಿಯ ಪಬ್ಬನ್ನು ಹೊಗಳುವುದನ್ನು ಬೇಕಾದಷ್ಟು ಕೇಳಿದ್ದೇನೆ. ಆಯಾ ಊರಿನ ಏಲ್, ಸರದಿಯಂತೆ ಒಬ್ಬೊಬ್ಬರು ಎಲ್ಲರಿಗೂ ಕೊಡಿಸುವ ಪದ್ಧತಿ, ಎಲ್ಲವೂ ಅವರ ಕಣ್ಣಿಗೆ ಸಂಸ್ಕೃತಿ. ಆಗಲಿ, ಸಂಸ್ಕೃತಿಯೇ. ಆದರೆ ಅದೇ ಮಹನೀಯರ ಮುಂದೆ ಸಕಲೇಶಪುರದ ಬಗನಿ ಕಳ್ಳಿನ ಮಾತೆತ್ತಿ ನೋಡಿ, ಮೂಗು ಮುಚ್ಚಿಕೊಳ್ಳುತ್ತಾರೆ! ಸಭೆಯಲ್ಲಿ ‘ರತ್ನನ ಪದಗಳಿ’ಗೆ ತಲೆದೂಗಿದವರೂ ಇವರೇ.

ಬಗನಿ ನಮ್ಮ ಮಲೆನಾಡಿನ ಮರ. ವರ್ಷಗಟ್ಟಲೆ ಬೆಳೆದು, ತುದಿಯಿಂದ ಕೆಳಕ್ಕೆ ಒಂದೊಂದೇ ಗೊನೆ ಬಿಟ್ಟು, ಕೊನೆಗೆ ಒಣಗುತ್ತದೆ. ಎಳೆಯ ಹೂಗೊನೆಯನ್ನು ಹದವರಿತು ಕೊಯ್ದು ಮಡಕೆ ಕಟ್ಟಿದರೆ ರಸ ಇಳಿಯುತ್ತದೆ. ಸುಣ್ಣ ಬಳಿದ ಮಡಕೆಯಲ್ಲಿ ಅದು ಸಿಹಿ ನೀರಾ. ಬಳಿಯದಿದ್ದರೆ ಹುದುಗಿ ಕಳ್ಳು. ಮರುದಿನಕ್ಕೆ ಬರೀ ಹುಳಿ. ಕೂಡಿಡಲಾಗದು, ದೂರ ಸಾಗಿಸಲಾಗದು. ಆದ್ದರಿಂದಲೇ ಅದು ಊರಿನ ಪಾನೀಯ. ಅಮಲಿನಲ್ಲಿ ಹೆಚ್ಚುಕಡಮೆ ಬಿಯರಿಗೆ ಸಮ.

ಆಲೂರಿನ ಕಡೆಯ ತೋಟವೊಂದರಲ್ಲಿ ಬಾಲ್ಯದಲ್ಲಿ ನಾನು ಕಂಡದ್ದಿಷ್ಟು: ಸಂಜೆ ಕೆಲಸ ಬಿಟ್ಟವರು ಮರದ ಬುಡದಲ್ಲಿ ಕೂಡುತ್ತಿದ್ದರು. ಇಳಿಸಿದವನು ಮೊದಲು ನಾಲ್ಕು ಹನಿ ನೆಲಕ್ಕೆ ಚೆಲ್ಲಿ, ಹಿರಿಯನಿಗೆ ಕೊಟ್ಟು, ಆಮೇಲೆ ಮಿಕ್ಕವರಿಗೆ ಹಂಚುತ್ತಿದ್ದ. ಮಡಕೆ ಬರಿದಾದರೆ ಕೂಟವೂ ಮುಗಿಯಿತು.

2004ರಲ್ಲಿ ಸರ್ಕಾರ ದಕ್ಷಿಣ ಕನ್ನಡ, ಉಡುಪಿಗಳನ್ನು ಬಿಟ್ಟು ಕಳ್ಳನ್ನು ನಿಷೇಧಿಸಿತು. 2007ರಲ್ಲಿ ಸಾರಾಯಿಯೂ ಹೋಯಿತು. ಉಳಿದದ್ದೇನು? ಬೊಕ್ಕಸ ತುಂಬುವ ಅಗ್ಗದ ವಿಸ್ಕಿ! ಶಿರಾಡಿ ಘಾಟಿ ಇಳಿದರೆ ಕಳ್ಳು ಕಸಬು, ಹತ್ತಿದರೆ ಅಪರಾಧ. ತೋಟದ ದೊರೆಗಳ ಕಾಲದ, 1893ರ ಮಂಜರಾಬಾದ್ ಕ್ಲಬ್ಬು ಸಕಲೇಶಪುರದಲ್ಲಿ ಇಂದಿಗೂ ಇದೆ, ಇರಲಿ. ಧಣಿಗಳ ಬಳಗಕ್ಕೆ ಸಲ್ಲುವ ಕೂಟ ಆಳುಗಳ ಬಳಗಕ್ಕೇಕೆ ಸಲ್ಲದು?

ಕುಡಿತ ಮನೆ ಮುರಿಯುವುದಿಲ್ಲವೇ ಎಂದು ತಾಯಂದಿರು ಕೇಳಿಯಾರು. ಮುರಿಯುತ್ತದೆ, ಸಂವಿಧಾನದ 47ನೆಯ ವಿಧಿಯೂ ಪಾನನಿರೋಧವನ್ನೇ ಬಯಸುತ್ತದೆ. ಎಲ್ಲವನ್ನೂ ನಿಲ್ಲಿಸುವುದಾದರೆ ನಾನೂ ಕೈಯೆತ್ತುತ್ತೇನೆ. ಆದರೆ ಕಟುವಾದದ್ದಕ್ಕೆ ಪರವಾನಗಿ, ಮೆದುವಾದದ್ದಕ್ಕೆ ಬೇಡಿ ಎಂಬುದು ಯಾವ ನೀತಿ? ಕಲಬೆರಕೆಯ ಭಯವೆನ್ನುವಿರಾ? ಅದು ದೂರದಿಂದ ತಂದು ಅಂಗಡಿಯಲ್ಲಿ ಮಾರುವಾಗಿನ ಮಾತು. ಇಳಿಸಿದವನು ಯಾರೆಂದು ಊರಿಗೆಲ್ಲ ಗೊತ್ತಿರುವಾಗ ಆತ ಬೆರೆಸಿ ಬದುಕಿಯಾನೇ?

ನಾನು ಕೇಳುವುದು ಸ್ವಲ್ಪ: ಇಳಿಸುವವನ ಹೆಸರಿಗೇ ಪರವಾನಗಿ, ಮರದ ಬುಡದಲ್ಲೇ ಮಾರಾಟ, ಸಾಗಣೆಗೆ ಸಂಪೂರ್ಣ ನಿಷೇಧ. ತಮ್ಮ ಏಲ್ ಅಳಿದೀತೆಂದು ಇಂಗ್ಲಿಷರು 1971ರಲ್ಲಿ ಸಂಘವನ್ನೇ ಕಟ್ಟಿದರು. ಗೋವೆಯು 2016ರಲ್ಲಿ ಫೆನಿಯನ್ನು ತನ್ನ ಪರಂಪರೆಯ ಪಾನೀಯವೆಂದು ಸಾರಿತು. ನಾವೋ, ಮರ ಹತ್ತಬಲ್ಲ ಕೊನೆಯವನನ್ನೂ ಕಳ್ಳನೆಂದು ಕರೆದು ಕೆಳಗಿಳಿಸುತ್ತಿದ್ದೇವೆ.