ತಂತಿ ಹಳ್ಳಿಯ ಮೇಲೆ, ಕರೆಂಟು ಗಣಿಗೆ

ಕಾಂಗೋ ನದಿಯ ಇಂಗಾ ಅಣೆಕಟ್ಟಿನಿಂದ ಕಟಾಂಗಾ ಸೀಮೆಯ ಕೊಲ್ವೆಜಿವರೆಗೆ ಸುಮಾರು 1,700 ಕಿಲೋಮೀಟರ್ ಉದ್ದದ ವಿದ್ಯುತ್ ಮಾರ್ಗವಿದೆ. 1980ರ ದಶಕದ ಆರಂಭದಲ್ಲಿ ಗಣಿಗಳಿಗೆಂದೇ ಎಳೆದ ತಂತಿ ಅದು. ಎಷ್ಟೋ ಹಳ್ಳಿಗಳ ನೆತ್ತಿಯ ಮೇಲೆ ಹಾದುಹೋದರೂ ನಡುವೆ ಎಲ್ಲಿಯೂ ಕರೆಂಟು ಇಳಿಸುವ ಏರ್ಪಾಡು ಮಾಡಲಿಲ್ಲ. ಇಂದಿಗೂ ಕಾಂಗೋ ದೇಶದಲ್ಲಿ ವಿದ್ಯುತ್ ಕಂಡವರು ಐವರಲ್ಲಿ ಹೆಚ್ಚುಕಡಿಮೆ ಒಬ್ಬರು. ಆದರೆ ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟ್‌ನಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಪಾಲು ಇದೇ ಕಾಂಗೋದ್ದು. ಮೊಬೈಲ್ ಮತ್ತು ವಿದ್ಯುತ್ ಕಾರುಗಳ ಅನೇಕ ಬ್ಯಾಟರಿಗಳಿಗೆ ಕೋಬಾಲ್ಟ್ ಬೇಕೇಬೇಕು.

ನೆಲದ ಸಂಪತ್ತು ಹೊರಗೆ ಹೋಗಿ ಜನ ಬರಿಗೈಯಲ್ಲಿ ಉಳಿಯುವುದನ್ನು ಕಾಂಗೋ ಮೊದಲ ಸಲ ಅನುಭವಿಸುತ್ತಿಲ್ಲ. 1885ರಲ್ಲಿ ಬೆಲ್ಜಿಯಂ ದೊರೆ ಎರಡನೇ ಲಿಯೊಪೋಲ್ಡ್ ಇಡೀ ನಾಡನ್ನು ಸ್ವಂತ ಆಸ್ತಿ ಮಾಡಿಕೊಂಡ. ಸೈಕಲ್, ಮೋಟಾರುಗಳ ಟೈರಿಗೆ ಆಗ ರಬ್ಬರ್ ಬೇಕಿತ್ತು. ಅದಕ್ಕಾಗಿ ನಡೆದ ದೌರ್ಜನ್ಯದಲ್ಲಿ ಜನರ ಕೈಗಳನ್ನೇ ಕಡಿದರು. 1906ರಲ್ಲಿ ಯೂನಿಯನ್ ಮಿನಿಯೆರ್ ಕಂಪನಿ ಹುಟ್ಟಿ ಕಟಾಂಗಾದ ತಾಮ್ರಕ್ಕೆ ಕೈಹಾಕಿತು. ಹಿರೋಷಿಮಾದ ಮೇಲೆ ಬಿದ್ದ ಬಾಂಬಿನ ಯುರೇನಿಯಂನಲ್ಲೂ ದೊಡ್ಡ ಪಾಲು ಅಲ್ಲಿನ ಶಿಂಕೊಲೊಬ್ವೆ ಗಣಿಯದು.

1960ರ ಜೂನ್ 30ರಂದು ಸ್ವಾತಂತ್ರ್ಯ ಬಂತು. ಎರಡು ವಾರ ತುಂಬುವ ಮೊದಲೇ ಖನಿಜ ತುಂಬಿದ ಕಟಾಂಗಾ, ಬೆಲ್ಜಿಯಂ ಬೆಂಬಲ ಮತ್ತು ಗಣಿ ಕಂಪನಿಯ ಹಣದ ಬಲದಿಂದ ಬೇರೆ ದೇಶವೆಂದು ಸಾರಿಕೊಂಡಿತು. ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಅವರನ್ನು 1961ರ ಜನವರಿಯಲ್ಲಿ ಅದೇ ಕಟಾಂಗಾದಲ್ಲಿ ಕೊಂದರು. ಆ ಬೇರ್ಪಡಿಕೆಯನ್ನು ಕೊನೆಗೊಳಿಸಲು ವಿಶ್ವಸಂಸ್ಥೆಯ ಪಡೆಯಲ್ಲಿ ಭಾರತದ ಯೋಧರೂ ಹೋರಾಡಿದರು. ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಕಟಾಂಗಾದ ಎಲಿಜಬೆತ್‌ವಿಲ್‌ ನಗರದಲ್ಲಿ ಪ್ರಾಣ ಕೊಟ್ಟರು. ಅವರಿಗೆ ಪರಮವೀರ ಚಕ್ರ ಸಂದಿತು.

ಈಗ ಸರದಿ ಕೋಬಾಲ್ಟ್‌ನದು. ಕೊಲ್ವೆಜಿ ಸುತ್ತ ಸಾವಿರಾರು ಜನ ಸಲಿಕೆ, ಹಾರೆ ಹಿಡಿದು ಕೈಯಾರೆ ಅದಿರು ಅಗೆಯುತ್ತಾರೆ. ಮಕ್ಕಳೂ ಅಲ್ಲಿ ದುಡಿಯುತ್ತಿರುವುದನ್ನು ಆಮ್ನೆಸ್ಟಿ ಸಂಸ್ಥೆ 2016ರಲ್ಲೇ ಜಗತ್ತಿನ ಮುಂದಿಟ್ಟಿತು. ಅಗೆದದ್ದರಲ್ಲಿ ಬಹುಪಾಲು ಶುದ್ಧೀಕರಣವಾಗುವುದು ಚೀನಾದಲ್ಲಿ. ಅಮೆರಿಕ ಮತ್ತು ಯುರೋಪ್ ಅದಕ್ಕೆ ಪೈಪೋಟಿಯಾಗಿ ಅಂಗೋಲಾದ ಲೊಬಿಟೊ ಬಂದರಿನ ರೈಲುಮಾರ್ಗಕ್ಕೆ ಹಣ ಸುರಿಯುತ್ತಿವೆ. ಪೋರ್ಚುಗೀಸರ ಆಳ್ವಿಕೆಯಲ್ಲಿ ಕಟಾಂಗಾದ ಅದಿರನ್ನು ಸಮುದ್ರಕ್ಕೆ ಒಯ್ಯಲೆಂದೇ ಹಾಕಿದ ಹಳಿ ಅದು.

ಹವಾಮಾನದ ಬಿಸಿ ತಟ್ಟುತ್ತಿರುವಾಗ ಕಲ್ಲಿದ್ದಲು, ಪೆಟ್ರೋಲ್ ಬಿಡಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಿರು ಒಬ್ಬರದು, ಕಾರ್ಖಾನೆ ಇನ್ನೊಬ್ಬರದು ಎಂಬ ಹಳೆಯ ವ್ಯವಸ್ಥೆಯೂ ಅದರ ಜೊತೆಗೇ ಹೋಗಬೇಕು. ಇಂಡೋನೇಷ್ಯಾ ಈ ದಾರಿಯಲ್ಲಿ ಹೆಜ್ಜೆಯಿಟ್ಟು, 2020ರಲ್ಲಿ ನಿಕಲ್ ಅದಿರಿನ ರಫ್ತು ನಿಲ್ಲಿಸಿ, ಸಂಸ್ಕರಣೆ ತನ್ನ ನೆಲದಲ್ಲೇ ಆಗಲಿ ಎಂದಿತು. ಐರೋಪ್ಯ ಒಕ್ಕೂಟ ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ ದೂರು ಹೂಡಿತು, 2022ರಲ್ಲಿ ತೀರ್ಪು ಇಂಡೋನೇಷ್ಯಾದ ವಿರುದ್ಧ ಬಂತು. ಹೊಗೆ ಕಡಿಮೆ ಮಾಡಿ ಎಂದು ಬಡ ದೇಶಗಳಿಗೆ ಹೇಳುವವರೇ, ಆ ದೇಶಗಳು ಕಾರ್ಖಾನೆ ಕಟ್ಟಿಕೊಳ್ಳಲು ಹೊರಟಾಗ ಅಡ್ಡ ನಿಲ್ಲುವುದು ಅನ್ಯಾಯ. ಬೆಲೆ ಕುಸಿದಾಗ ಕಾಂಗೋ ಕೂಡ 2025ರಲ್ಲಿ ಕೋಬಾಲ್ಟ್ ರಫ್ತು ತಡೆದು, ಬಳಿಕ ಮಿತಿ ಹೇರಿತು. ತನ್ನ ನೆಲದ ಸಂಪತ್ತಿಗೆ ತಾನೇ ಬೆಲೆ ಕೇಳುವ ಹಕ್ಕು ಅದಕ್ಕಿದೆ.

ಭಾರತವೂ ಈಗ ಈ ಸಂತೆಗೆ ಇಳಿದಿದೆ. 2024ರಲ್ಲಿ ಸರ್ಕಾರಿ ಕಂಪನಿ ಕಾಬಿಲ್ ಅರ್ಜೆಂಟೀನಾದಲ್ಲಿ ಲಿಥಿಯಂ ಹುಡುಕಲು ಒಪ್ಪಂದ ಮಾಡಿಕೊಂಡಿತು. ವಸಾಹತಿನ ನೋವು ಉಂಡ ದೇಶ ಬೇರೆಯವರ ನೆಲದಲ್ಲಿ ಗಣಿ ತೋಡುವಾಗ, ಶುದ್ಧೀಕರಣದಲ್ಲಿ ಒಂದು ಪಾಲು ಅಲ್ಲೇ ನಡೆಯಬೇಕು, ಗಣಿಗೆ ಎಳೆದ ತಂತಿಯಿಂದ ಪಕ್ಕದ ಹಳ್ಳಿಗೂ ವಿದ್ಯುತ್ ಸಿಗಬೇಕು ಎಂಬ ಷರತ್ತುಗಳನ್ನು ತಾನಾಗಿಯೇ ಒಪ್ಪಂದದಲ್ಲಿ ಬರೆಯಲಿ.